ಜಿಲ್ಲಾ ಕೇಂದ್ರಗಳಲ್ಲಿ ಮನೆ ಕೊಳ್ಳುವ ಮುನ್ನ: ಒಬ್ಬ ಮೌಲ್ಯಮಾಪಕನ ಅನುಭವದ ಪಾಠಗಳು

ಬ್ಯಾಂಕು ಗೃಹಸಾಲ ಕೊಡುವ ಮುನ್ನ ಆಸ್ತಿಯನ್ನು ಕಣ್ಣಾರೆ ನೋಡಿ ಬೆಲೆ ಬರೆದುಕೊಡಲು ಒಬ್ಬ ಎಂಜಿನಿಯರನ್ನು ಕಳಿಸುತ್ತದೆ. ದಾವಣಗೆರೆಯಲ್ಲಿ ಮನೆ ಮಾಡಿಕೊಂಡು ಚಿತ್ರದುರ್ಗ, ಶಿವಮೊಗ್ಗ, ಹಾವೇರಿ, ಹುಬ್ಬಳ್ಳಿ-ಧಾರವಾಡದವರೆಗೆ ಆ ಕೆಲಸ ಮಾಡಿಕೊಂಡು ಬಂದವನು ನಾನು. ಇತ್ತೀಚೆಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ ಅಥವಾ ಹುಡುಗಿ, ಕೈಯಲ್ಲಿ ಸ್ವಲ್ಪ ಉಳಿತಾಯ. "ಬೆಂಗಳೂರಲ್ಲಿ ಮುಟ್ಟೋ ಹಂಗಿಲ್ಲ ಸರ್. ಮೂವತ್ತು-ನಲವತ್ತು ಲಕ್ಷದೊಳಗೆ ಯಾವ ಊರಲ್ಲಿ ತಗೊಂಡ್ರೆ ಒಳ್ಳೇದು?"

ಆ ಪ್ರಶ್ನೆಗೆ ಊರಿನ ಹೆಸರು ಹೇಳಿ ಫೋನು ಇಡುವುದು ಸುಲಭ. ಆದರೆ ಒಂದೇ ಊರಿನ ಎರಡು ಬೀದಿಗಳಲ್ಲಿ ಒಬ್ಬರ ಹಣ ಬೆಳೆದದ್ದನ್ನೂ ಇನ್ನೊಬ್ಬರದು ಹದಿನೈದು ವರ್ಷ ಹಾಗೇ ಬಿದ್ದಿದ್ದನ್ನೂ ನೋಡಿದ್ದೇನೆ. ಅದಕ್ಕೆ ನಾನು ಎರಡು ಪ್ರಶ್ನೆ ತಿರುಗಿ ಕೇಳುತ್ತೇನೆ: ಆ ಮನೆಗೆ ಪ್ರತಿ ತಿಂಗಳು ಬಾಡಿಗೆ ಕೊಡುವವರು ಯಾರು? ನಾಳೆ ನಿಮ್ಮಿಂದ ಅದನ್ನು ಕೊಳ್ಳುವವರು ಯಾರು? ಕೆಳಗಿನ ಪಾಠಗಳೆಲ್ಲ ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಕಲಿತವು.

1. ಊರಿಗೆ ಸಂಬಳ ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡಿ

ಬಾಡಿಗೆ ಹುಟ್ಟುವುದು ಸಂಬಳದಿಂದ. ಆ ಸಂಬಳ ಒಂದೇ ಬಾಗಿಲಿನಿಂದ ಬರುತ್ತಿದ್ದರೆ, ಬಾಗಿಲು ಮುಚ್ಚಿದ ದಿನ ಊರಿನ ಮನೆಗಳ ಬೆಲೆಯೂ ಕುಸಿಯುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಿಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಬೆಮೆಲ್ ಕಾರ್ಖಾನೆ ಅಲ್ಲಿ ಉಳಿಯಿತು ನಿಜ, ಆದರೆ ಕೆಜಿಎಫ್‌ನ ಸಾವಿರಾರು ಕುಟುಂಬಗಳು ಇಂದಿಗೂ ದಿನಾ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಿವೆ. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅದಿರು ತೆಗೆಯುವುದು ನಿಂತಿತು, ಟೌನ್‌ಶಿಪ್ ಖಾಲಿಯಾಯಿತು. ಭದ್ರಾವತಿಯ ಉಕ್ಕಿನ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ್ದು. ಅದರ ಜೊತೆಗಿದ್ದ ಕಾಗದ ಕಾರ್ಖಾನೆ ನಿಂತು ವರ್ಷಗಳೇ ಆದವು, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು, ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಅಂಥ ಊರಿನಲ್ಲಿ ಮನೆ ಕೊಳ್ಳುವವರು ಕಾರ್ಖಾನೆಯ ಸುದ್ದಿಯನ್ನು ದಿನಾ ಓದುತ್ತಾ ಬದುಕಬೇಕು.

ಬಳ್ಳಾರಿಯ ಕಥೆ ಇನ್ನೂ ಕಲಿಸುವಂಥದ್ದು. ಅದಿರಿನ ಭರಾಟೆಯ ವರ್ಷಗಳಲ್ಲಿ ಹೊಸಪೇಟೆ, ಸಂಡೂರು ಸುತ್ತಮುತ್ತ ಲಾರಿಗಳ ಸಾಲು ಎಷ್ಟು ಉದ್ದವೋ ಸೈಟಿನ ಬೆಲೆಯೂ ಅಷ್ಟು ಎತ್ತರ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಕೊಟ್ಟಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿಗೂ ಅದು ವಿಸ್ತರಿಸಿತು. ಲಾರಿಗಳು ನಿಂತವು, ಲಾರಿ ಸಾಲದ ಕಂತು ನಿಂತಿತು, ಅದರ ಬೆನ್ನಿಗೇ ಬಾಡಿಗೆ. ಗಣಿಗೂ ತಮಗೂ ಏನೂ ಸಂಬಂಧವಿಲ್ಲ ಎಂದುಕೊಂಡು ಅಲ್ಲಿ ಮನೆ ಕೊಂಡಿದ್ದ ಮೇಷ್ಟರುಗಳೂ ಅದರ ಬಿಸಿ ಅನುಭವಿಸಿದರು.

ಇದರ ಎದುರಿಗೆ ದಾವಣಗೆರೆಯನ್ನು ಇಡಿ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನ ಹತ್ತಿಗಿರಣಿಗಳು ಒಂದೊಂದಾಗಿ ಮುಚ್ಚಿದವು. ಊರು ಆ ಪೆಟ್ಟನ್ನು ತಡೆದುಕೊಂಡದ್ದು ಹೇಗೆ? 1965ರಲ್ಲಿ ಶುರುವಾದ ಜೆಜೆಎಂ ವೈದ್ಯಕೀಯ ಕಾಲೇಜು, 1979ರ ಬಿಐಇಟಿ ಎಂಜಿನಿಯರಿಂಗ್ ಕಾಲೇಜು, ಅವುಗಳ ಸುತ್ತ ಬೆಳೆದ ಆಸ್ಪತ್ರೆಗಳು, 1997ರಲ್ಲಿ ಜಿಲ್ಲೆಯಾದ ಮೇಲೆ ಬಂದ ಕಚೇರಿಗಳು, ಜೊತೆಗೆ ಮೆಕ್ಕೆಜೋಳ-ಭತ್ತದ ಮಾರುಕಟ್ಟೆ. ಹೀಗೆ ನಾಲ್ಕೈದು ಕಡೆಯಿಂದ ಸಂಬಳ ಬರುವ ಊರಿನಲ್ಲಿ ಒಂದು ಕಡೆ ಬತ್ತಿದರೂ ಬಾಡಿಗೆಯ ಬೋರ್ಡು ಬಹಳ ದಿನ ತೂಗುವುದಿಲ್ಲ. ಧಾರವಾಡವೂ ಹಾಗೆಯೇ: ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ, 2016ರ ಐಐಟಿ, ಬೇಲೂರು ಕೈಗಾರಿಕಾ ಪ್ರದೇಶ. ಪಕ್ಕದ ಹುಬ್ಬಳ್ಳಿಯಲ್ಲಿ 2003ರಿಂದ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ.

ಊರು ಅಳೆಯಲು ನಾನು ಬಳಸುವ ಒಂದು ಸರಳ ದಾರಿ ಇದೆ. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದು ಎರಡು-ಮೂರು ವರ್ಷ ಇದ್ದು ಹೋಗುವವರು ಆ ಊರಿನಲ್ಲಿ ಎಷ್ಟು ಜನ ಎಂದು ವಿಚಾರಿಸುತ್ತೇನೆ. ಬ್ಯಾಂಕಿನವರು, ನರ್ಸುಗಳು, ಕಾಲೇಜು ಅಧ್ಯಾಪಕರು, ಕೋರ್ಟಿನ ಸಿಬ್ಬಂದಿ, ಪಿಜಿ ಓದುವ ವೈದ್ಯರು. ಸ್ವಂತ ಊರಿನವರಿಗೆ ಅಪ್ಪನ ಮನೆ ಇರುತ್ತದೆ. ಬಾಡಿಗೆ ಮನೆ ಬೇಕಾಗುವುದು ಬಂದವರಿಗೆ.

2. ಘೋಷಣೆಗೆ ಹಣ ಕೊಡಬೇಡಿ

ಪ್ರತಿ ಲೇಔಟಿನ ಕರಪತ್ರದಲ್ಲೂ "ಪ್ರಸ್ತಾಪಿತ" ಎಂಬ ಪದ ಇರುತ್ತದೆ. ಪ್ರಸ್ತಾಪಿತ ರಿಂಗ್ ರಸ್ತೆ, ಪ್ರಸ್ತಾಪಿತ ವಿಮಾನ ನಿಲ್ದಾಣ, ಪ್ರಸ್ತಾಪಿತ ಐಟಿ ಪಾರ್ಕ್. ಅವುಗಳಲ್ಲಿ ಬಹಳಷ್ಟು ನಿಜವಾಗಿಯೂ ಬರುತ್ತವೆ. ತೊಂದರೆ ಇರುವುದು ಯಾವಾಗ ಎಂಬುದರಲ್ಲಿ.

ಬೆಂಗಳೂರು-ಹಾಸನ ನೇರ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1996-97ರಲ್ಲಿ. ಶ್ರವಣಬೆಳಗೊಳ-ಕುಣಿಗಲ್ ಮೂಲಕ ರೈಲು ಓಡಿದ್ದು 2017ರ ಮಾರ್ಚಿನಲ್ಲಿ. ಶಿವಮೊಗ್ಗ ಮತ್ತು ಕಲಬುರಗಿ ವಿಮಾನ ನಿಲ್ದಾಣಗಳಿಗೆ ಶಂಕುಸ್ಥಾಪನೆ ಆದದ್ದು 2008ರಲ್ಲಿ. ಕಲಬುರಗಿಯಲ್ಲಿ ಪ್ರಯಾಣಿಕ ವಿಮಾನ ಸಂಚಾರ ಶುರುವಾದದ್ದು 2019ರ ನವೆಂಬರಿನಲ್ಲಿ, ಶಿವಮೊಗ್ಗದ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರುವರಿಯಲ್ಲಿ. ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇವುಗಳಲ್ಲಿ ವೇಗವಾಗಿ ಮುಗಿದದ್ದು, ಅದಕ್ಕೂ 2016ರಿಂದ 2023ರವರೆಗೆ ಏಳು ವರ್ಷ ಹಿಡಿಯಿತು. ತುಮಕೂರು-ಚಿತ್ರದುರ್ಗ-ದಾವಣಗೆರೆ ರೈಲು ಮಾರ್ಗ 2011-12ರಲ್ಲಿ ಮಂಜೂರಾಯಿತು; ಅದರ ಹೆಸರಿನಲ್ಲಿ ಸೈಟು ಕೊಂಡವರ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ.

ಕಾಯುವುದಕ್ಕೂ ಬೆಲೆ ಇದೆ. ಹದಿನೈದು ವರ್ಷದಲ್ಲಿ ಸೈಟಿನ ಬೆಲೆ ಎರಡು ಪಟ್ಟಾದರೆ ಕೇಳಲು ಚೆಂದ, ಲೆಕ್ಕಕ್ಕೆ ಕೂತರೆ ಅದು ವರ್ಷಕ್ಕೆ ಶೇ. 5ಕ್ಕಿಂತ ಕಡಿಮೆ. ಅಂಚೆ ಕಚೇರಿಯ ಠೇವಣಿ ಅದಕ್ಕಿಂತ ಹೆಚ್ಚು ಕೊಡುತ್ತದೆ, ರಾತ್ರಿ ಯಾರೂ ಬೇಲಿ ಸರಿಸುವುದಿಲ್ಲ. ಇನ್ನೊಂದು ಮಾತು: ಘೋಷಣೆಯಾದ ದಿನವೇ ಮಾರುವವರು ಅದರ ಲಾಭವನ್ನು ಬೆಲೆಗೆ ಸೇರಿಸಿಬಿಟ್ಟಿರುತ್ತಾರೆ. ರಸ್ತೆ ಬರುವ ಮುನ್ನವೇ ರಸ್ತೆಯ ಬೆಲೆಯನ್ನು ನೀವು ಕಟ್ಟಿರುತ್ತೀರಿ.

ವಿಮಾನ ನಿಲ್ದಾಣದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ನಿಲ್ದಾಣವಿರುವ ಸೋಗಾನೆಯಲ್ಲಿ ವಿಮಾನ ಇಳಿದರೆ ಶಿವಮೊಗ್ಗಕ್ಕೆ ಬರುವ ವೈದ್ಯರು, ವ್ಯಾಪಾರಿಗಳು ಹೆಚ್ಚಾಗಬಹುದು. ಅವರು ಬಾಡಿಗೆಗೆ ಇರುವುದು ಮಾತ್ರ ಊರಿನೊಳಗೆ, ಆಸ್ಪತ್ರೆ-ಕಾಲೇಜು-ಶಾಲೆಯ ಹತ್ತಿರ.

3. ಸಂಜೆ ಏಳು ಗಂಟೆಗೆ ಹೋಗಿ ದೀಪ ಎಣಿಸಿ

ಜಿಲ್ಲಾ ಊರಿನಲ್ಲಿ ಐದು ಕಿಲೋಮೀಟರ್ ಎಂದರೆ ದೂರ. ಬೆಂಗಳೂರಿನಲ್ಲಿ ಬೆಳೆದವರಿಗೆ ಇದು ನಂಬಲು ಕಷ್ಟ. ಆದರೆ ರಾತ್ರಿ ಪಾಳಿ ಮುಗಿಸಿ ಬರುವ ನರ್ಸಿಗೆ, ಮಕ್ಕಳನ್ನು ಶಾಲೆಗೆ ಬಿಡಬೇಕಾದ ಗುಮಾಸ್ತೆಗೆ ಹೊರವಲಯದ ಲೇಔಟು ಬೇಡ. ನಗರ ಬಸ್ಸು ರಾತ್ರಿ ಬೇಗ ಮುಗಿದುಹೋಗುವ ಊರುಗಳೇ ಹೆಚ್ಚು.

ಮಾರಾಟಗಾರರು ನಿಮ್ಮನ್ನು ಭಾನುವಾರ ಬೆಳಗ್ಗೆ ಕಾರಿನಲ್ಲಿ ಕರೆದೊಯ್ಯುತ್ತಾರೆ. ಕಮಾನು, ಡಾಂಬರು, ಉದ್ಯಾನದ ಬೋರ್ಡು ಎಲ್ಲ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತವೆ. ನೀವು ವಾರದ ನಡುವೆ ಒಂದು ಸಂಜೆ ಒಬ್ಬರೇ ಹೋಗಿ. ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತಿದೆ, ಕಿರಾಣಿ ಅಂಗಡಿ ಇದೆಯೇ, ಹಾಲಿನವರು ಬರುತ್ತಾರೆಯೇ, ಆಟೊದವರು ಬರಲು ಒಪ್ಪುತ್ತಾರೆಯೇ ನೋಡಿ. ಮಂಜೂರಾಗಿ ಎಂಟು-ಹತ್ತು ವರ್ಷವಾದ ಲೇಔಟಿನಲ್ಲಿ ಮನೆಗಿಂತ ಪಾರ್ಥೇನಿಯಂ ಗಿಡವೇ ಹೆಚ್ಚಿದ್ದರೆ, ಅಲ್ಲಿ ಸೈಟು ಕೊಂಡವರೆಲ್ಲ ನಿಮ್ಮ ಹಾಗೆ ಬೇರೆ ಊರಿನಲ್ಲಿದ್ದು ಬೆಲೆ ಏರುವುದನ್ನೇ ಕಾಯುತ್ತಿದ್ದಾರೆ ಎಂದು ತಿಳಿಯಿರಿ. ಮಾರಬೇಕೆಂದ ದಿನ ನಿಮಗೆ ಎದುರಾಗುವ ಸ್ಪರ್ಧೆಯೂ ಅವರೇ.

4. ನೀರು ಎಷ್ಟು ದಿನಕ್ಕೊಮ್ಮೆ?

ಈ ಪ್ರಶ್ನೆಯನ್ನು ಮಾಲೀಕರಿಗೆ ಕೇಳಬೇಡಿ, ಪಕ್ಕದ ಮನೆಯವರಿಗೆ ಕೇಳಿ. ಗದಗದ ಬಡಾವಣೆಗಳಲ್ಲಿ ಮನೆಗಳಿಗೆ ದೊಡ್ಡ ಸಂಪು ಏಕೆ ಎಂದು ಅಲ್ಲಿಯ ಯಾವ ಗೃಹಿಣಿಯನ್ನು ಕೇಳಿದರೂ ಹೇಳುತ್ತಾರೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರಿಂದಲೇ ದಿನದ 24 ಗಂಟೆ ನೀರು ಬರುತ್ತಿದೆ. ಅದೇ ಊರುಗಳ ಬೇರೆ ವಾರ್ಡುಗಳಲ್ಲಿ ಜನ ನೀರು ಬಿಡುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಒಂದೇ ಪಾಲಿಕೆ, ಒಂದೇ ಅಳತೆಯ ಮನೆ, ಬಾಡಿಗೆಯಲ್ಲಿ ಮಾತ್ರ ವ್ಯತ್ಯಾಸ.

ನೀರಿನ ಮೂಲವನ್ನೂ ತಿಳಿದುಕೊಳ್ಳಿ. ದಾವಣಗೆರೆಗೆ ತುಂಗಭದ್ರಾ ನದಿಯಿಂದ ನೀರೆತ್ತುತ್ತಾರೆ, ಭದ್ರಾ ನಾಲೆಯಿಂದ ಕುಂದವಾಡ ಕೆರೆ ತುಂಬುತ್ತದೆ. ಹೀಗೆ ಎರಡು ಆಧಾರ. ತುಮಕೂರಿನ ಬುಗುಡನಹಳ್ಳಿ ಕೆರೆ ಹೇಮಾವತಿಯನ್ನು ನಂಬಿದೆ. ಹುಬ್ಬಳ್ಳಿ-ಧಾರವಾಡಕ್ಕೆ ಸವದತ್ತಿಯ ಮಲಪ್ರಭಾ ಅಣೆಕಟ್ಟು ಬಲ. ಬರೀ ಕೊಳವೆಬಾವಿಯ ಮೇಲೆ ನಿಂತ ಖಾಸಗಿ ಲೇಔಟಾದರೆ, ಬೇಸಿಗೆಯ ಟ್ಯಾಂಕರ್ ಖರ್ಚನ್ನು ಬಾಡಿಗೆದಾರರು ಒಂದು ವರ್ಷ ಸಹಿಸುತ್ತಾರೆ, ಎರಡನೇ ವರ್ಷ ಮನೆ ಬಿಡುತ್ತಾರೆ.

ನೀರು ಹೆಚ್ಚಾದರೂ ಕಷ್ಟವೇ. 2019ರ ಆಗಸ್ಟಿನ ನೆರೆಯಲ್ಲಿ ಉತ್ತರ ಕರ್ನಾಟಕದ ಎಷ್ಟೋ ಊರುಗಳು ನೀರಿನಲ್ಲಿ ನಿಂತವು. ಆ ವರ್ಷ ಈ ಬೀದಿಗೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿದರೆ ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ. ಬಾಗಲಕೋಟೆ ಕಡೆ ಕೊಳ್ಳುವವರು ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಲ್ಲಿ ಮುಳುಗಡೆಯಾಗುವ ಪ್ರದೇಶದ ಪಟ್ಟಿಯನ್ನು ನೋಡದೆ ಮುಂಗಡ ಕೊಡಲೇಬಾರದು.

5. ಎರೆ ಮಣ್ಣಿನ ಮೇಲಿನ ಮನೆಯನ್ನು ಮಳೆಗಾಲ ಕಳೆದ ಮೇಲೆ ನೋಡಿ

ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಗದಗದ ಕಡೆ, ವಿಜಯಪುರ, ಕಲಬುರಗಿಯಲ್ಲೆಲ್ಲ ಇದೇ ಮಣ್ಣು. ಅಲ್ಲಿ ಮನೆ ಕಟ್ಟಬಾರದು ಎಂದೇನಿಲ್ಲ. ಎರೆಯನ್ನು ಆಳಕ್ಕೆ ತೆಗೆದು ಗರಸು ತುಂಬಿ, ಪಾಯದ ಮೇಲೆ ಸುತ್ತಲೂ ಕಾಂಕ್ರೀಟ್ ಬೀಮು ಹಾಕಿದ ಮನೆ ಗಟ್ಟಿಯಾಗಿಯೇ ನಿಲ್ಲುತ್ತದೆ. ಖರ್ಚು ಹೆಚ್ಚು. ಮಾರುವುದಕ್ಕೆಂದೇ ಕಟ್ಟುವವರಲ್ಲಿ ಕೆಲವರು ಉಳಿತಾಯ ಮಾಡುವುದು ಈ ಕಣ್ಣಿಗೆ ಕಾಣದ ಭಾಗದಲ್ಲಿ.

ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಚೌಕಟ್ಟಿಗೆ ಉಜ್ಜುವ ಬಾಗಿಲು, ಕಾಂಪೌಂಡು ಮತ್ತು ಮನೆಯ ನಡುವೆ ಬಿಟ್ಟ ಸಂದು, ನೆಲದ ಟೈಲ್ಸ್ ತಟ್ಟಿದರೆ ಪೊಳ್ಳು ಸದ್ದು: ಇವು ಪಾಯದ ದೂರುಗಳು. ಹೊಸ ಬಣ್ಣ ಹೊಡೆದ ಹಳೇ ಮನೆಯಲ್ಲಿ ಮೊದಲು ಕಪಾಟಿನ ಒಳಗೆ, ಮೆಟ್ಟಿಲ ಕೆಳಗೆ ನೋಡಿ. ಅಲ್ಲಿಯವರೆಗೆ ಬಣ್ಣ ಹೋಗಿರುವುದಿಲ್ಲ.

6. ಬ್ಯಾಂಕು ಸಾಲ ಕೊಡದ ಆಸ್ತಿ ಅಗ್ಗವಾಗಿರುವುದಕ್ಕೆ ಕಾರಣ ಇದೆ

ಈ ಪಾಠವನ್ನು ನಾನು ಎಲ್ಲರಿಗೂ ನಿಲ್ಲಿಸಿ ಹೇಳುತ್ತೇನೆ, ಏಕೆಂದರೆ ಜೀವಮಾನದ ಉಳಿತಾಯ ಕಳೆದುಕೊಂಡವರ ಮುಖ ನೋಡಬೇಕಾದ ಕೆಲಸ ನನ್ನದು.

ಧಾರವಾಡದ ಕಡೆ ಗುಂಟಾ ಪ್ಲಾಟು ಎನ್ನುತ್ತಾರೆ, ಬೆಂಗಳೂರಿನ ಸುತ್ತ ರೆವಿನ್ಯೂ ಸೈಟು. ಹೆಸರು ಯಾವುದಾದರೂ ಸಂಗತಿ ಒಂದೇ: ಕೃಷಿ ಭೂಮಿಯನ್ನು ಭೂಪರಿವರ್ತನೆ ಮಾಡಿಸದೆ, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಪಡೆಯದೆ, ತುಂಡು ಮಾಡಿ ಮಾರುವುದು. ಅಕ್ಕಪಕ್ಕದ ಸೈಟಿನ ಅರ್ಧ ಬೆಲೆಗೆ ಸಿಗುತ್ತದೆ. ಮನೆ ಕಟ್ಟಿರುತ್ತಾರೆ, ಕರೆಂಟು ಬಂದಿರುತ್ತದೆ, ಕಂದಾಯದ ರಸೀದಿಯೂ ಇರುತ್ತದೆ. ತೆರಿಗೆ ಕಟ್ಟಿದ ರಸೀದಿ ಮಾಲೀಕತ್ವಕ್ಕೆ ಸಾಕ್ಷಿಯಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇದೆಯೇ ನೋಡಿ. 11ಬಿ ಇದ್ದರೆ ಪಂಚಾಯಿತಿ ಆ ಆಸ್ತಿಯನ್ನು ತೆರಿಗೆ ವಸೂಲಿಗಾಗಿ ಬರೆದುಕೊಂಡಿದೆ ಎಂದಷ್ಟೇ ಅರ್ಥ. ನಗರದಲ್ಲಿ ಬಿ-ಖಾತಾದ ಸ್ಥಿತಿಯೂ ಹತ್ತಿರಹತ್ತಿರ ಅದೇ. ಸರ್ಕಾರ ಮುಂದೆ ಸಕ್ರಮ ಮಾಡೇ ಮಾಡುತ್ತದೆ ಎಂದು ಮಾರುವವರು ಭರವಸೆ ಕೊಡುತ್ತಾರೆ. ಸಕ್ರಮ ಆದಮೇಲಿನ ಬೆಲೆಗೆ ಆಗಲೇ ಕೊಳ್ಳಬಹುದಲ್ಲ ಎಂದು ನಾನು ಹೇಳುತ್ತೇನೆ.

ಬಹುತೇಕ ಬ್ಯಾಂಕುಗಳು ಇಂಥ ಆಸ್ತಿಗೆ ಸಾಲ ಕೊಡುವುದಿಲ್ಲ. ಮಾರುವ ದಿನ ಇದರ ಪರಿಣಾಮ ಗೊತ್ತಾಗುತ್ತದೆ. ಮೂವತ್ತು ಲಕ್ಷದವರೆಗಿನ ಗೃಹಸಾಲದಲ್ಲಿ ಆಸ್ತಿಯ ಬೆಲೆಯ ಶೇ. 90ರವರೆಗೆ, ಅಲ್ಲಿಂದ 75 ಲಕ್ಷದವರೆಗಿನ ಸಾಲದಲ್ಲಿ ಶೇ. 80ರವರೆಗೆ ಕೊಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಸಂಬಳದಾರರು ಮನೆ ಕೊಳ್ಳುವುದೇ ಆ ಸಾಲದ ಬಲದಿಂದ. ಸಾಲ ಸಿಗದ ಆಸ್ತಿಯನ್ನು ಪೂರ್ತಿ ನಗದು ಇರುವವರು ಮಾತ್ರ ಕೊಳ್ಳಬಹುದು. ಅಂಥವರು ಸಣ್ಣ ಊರಿನಲ್ಲಿ ಕಡಿಮೆ, ಅವರು ಚೌಕಾಸಿ ಮಾಡುವುದು ಹೆಚ್ಚು.

ಎರಡನೆಯ ಅಪಾಯ ಕುಟುಂಬದ ಒಳಗಿನದು. ನಮ್ಮ ಊರುಗಳಲ್ಲಿ ಜಮೀನು ಪಿತ್ರಾರ್ಜಿತವಾಗಿರುವುದೇ ಹೆಚ್ಚು. ಅಣ್ಣತಮ್ಮಂದಿರು ಸಹಿ ಹಾಕಿ ಮಾರುತ್ತಾರೆ, ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಯಾರೂ ಕೇಳಿರುವುದಿಲ್ಲ. ಕರ್ನಾಟಕದಲ್ಲಿ 1994ರ ತಿದ್ದುಪಡಿಯೇ ಹೆಣ್ಣುಮಕ್ಕಳಿಗೆ ಪಾಲು ತಂದಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ವಿಸ್ತರಿಸಿತು. ತಂದೆ ಆಗ ಬದುಕಿರಲಿ ಬಿಡಲಿ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿ ಹೆಣ್ಣುಮಗಳ ಸಹಿ ಕ್ರಯಪತ್ರದಲ್ಲಿ ಇರಲಿ ಎಂದು ಹಟ ಹಿಡಿಯಿರಿ. ಮುಂದೆ ದಾವೆ ಬರಬಾರದು ಎಂಬುದು ಒಂದು ಕಾರಣ. ಅವರ ಪಾಲನ್ನು ಅವರಿಗೆ ತಿಳಿಯದಂತೆ ಕೊಂಡುಕೊಳ್ಳುವುದು ಅನ್ಯಾಯ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಅದೇ ಮಾತು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೂ ಸಲ್ಲುತ್ತದೆ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. 2023ರ ತಿದ್ದುಪಡಿಯ ನಂತರ, ಬಹಳ ವರ್ಷ ಕಳೆದುಹೋಗಿದೆ ಎಂಬ ನೆಪವನ್ನೂ ನಂಬಿ ಕೂರುವಂತಿಲ್ಲ. ಲೇಔಟಿನ ಮೂಲ ಪತ್ರಗಳಲ್ಲಿ "ಮಂಜೂರು" ಎಂಬ ಪದ ಕಂಡರೆ ವಕೀಲರ ಹತ್ತಿರ ಹೋಗಿ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಋಣಭಾರ ಪತ್ರವನ್ನು ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ತೆಗೆಯಬಹುದು, ಮೂವತ್ತು ವರ್ಷದ್ದು ತೆಗೆಯಿರಿ. ಇ-ಖಾತಾ ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. 500 ಚದರ ಮೀಟರಿಗಿಂತ ದೊಡ್ಡ ಲೇಔಟಾಗಲಿ ಎಂಟಕ್ಕಿಂತ ಹೆಚ್ಚು ಫ್ಲ್ಯಾಟಿನ ಕಟ್ಟಡವಾಗಲಿ ರೇರಾದಲ್ಲಿ ನೋಂದಣಿಯಾಗಿರಬೇಕು. ಲೇಔಟಿಗೆ ಮಂಜೂರಾತಿ ಇದ್ದರೂ ಸೈಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುತ್ತಾರೆ. ನಿಮ್ಮ ಸೈಟಿನ ಸಂಖ್ಯೆ ಬಿಡುಗಡೆ ಪತ್ರದಲ್ಲಿ ಇದೆಯೇ ನೋಡಿ. ಚಕ್ಕುಬಂದಿಯನ್ನು ಜಾಗದ ಮೇಲೆ ನಿಂತು ಓದಿ.

7. ಬಾಡಿಗೆಯ ಲೆಕ್ಕವನ್ನು ಪೂರ್ತಿ ಬರೆಯಿರಿ

ಉದಾಹರಣೆಗೆ 40 ಲಕ್ಷದ ಮನೆ, ತಿಂಗಳಿಗೆ 11,000 ಬಾಡಿಗೆ. ವರ್ಷಕ್ಕೆ 1,32,000, ಅಂದರೆ ಶೇ. 3.3. ವರ್ಷದಲ್ಲಿ ಒಂದು ತಿಂಗಳು ಖಾಲಿ, ಕಂದಾಯ-ಸುಣ್ಣಬಣ್ಣ-ರಿಪೇರಿಗೆ 15,000 ಕಳೆದರೆ ಉಳಿಯುವುದು 1,06,000. ಇನ್ನು ನೋಂದಣಿ: ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2. ನಗರದಲ್ಲಿ ಒಟ್ಟು ಶೇ. 7.6, ಅಂದರೆ 3 ಲಕ್ಷಕ್ಕೂ ಹೆಚ್ಚು. ಆಗ ನಿಜವಾದ ಹುಟ್ಟುವಳಿ ಶೇ. 2.5ರ ಆಸುಪಾಸು.

ಇದಕ್ಕೆ 32 ಲಕ್ಷ ಸಾಲ ಮಾಡಿದಿರಿ, ಶೇ. 8.5 ಬಡ್ಡಿ, 20 ವರ್ಷ ಎಂದಿಟ್ಟುಕೊಳ್ಳಿ. ಕಂತು ಸುಮಾರು 27,800. ಬಾಡಿಗೆ ಕಳೆದು ಪ್ರತಿ ತಿಂಗಳು ಕೈಯಿಂದ 16,800 ಹಾಕಬೇಕು. ಕೆಲಸ ಹೋದ ತಿಂಗಳೂ ಹಾಕಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ ಬಾಡಿಗೆ ಮನೆಯ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಲೂ ಬರುವುದಿಲ್ಲ. ಹಾಗಾಗಿ ಈ ಊರುಗಳಲ್ಲಿ ಬಾಡಿಗೆಗೆಂದು ಕೊಳ್ಳುವವರು ಅರ್ಧಕ್ಕಿಂತ ಹೆಚ್ಚು ಸಾಲ ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮದುವೆಗೆ, ಮಗುವಿನ ಆಸ್ಪತ್ರೆ ಖರ್ಚಿಗೆ ಎಂದು ಅವಸರದಲ್ಲಿ ಮಾರಿದ ಮನೆಗಳ ಬೆಲೆ ಬರೆಯುವಾಗ ನನಗೆ ಸಂಕಟವಾಗುತ್ತದೆ.

8. ಗೋಡೆ ಹಳತಾಗುತ್ತದೆ, ನೆಲ ಹಳತಾಗುವುದಿಲ್ಲ

ಮೌಲ್ಯಮಾಪನದಲ್ಲಿ ನಾವು ನೆಲ ಮತ್ತು ಕಟ್ಟಡವನ್ನು ಬೇರೆಬೇರೆಯಾಗಿ ಬರೆಯುತ್ತೇವೆ. ಕಾಂಕ್ರೀಟ್ ಕಟ್ಟಡಕ್ಕೆ ಸುಮಾರು 60 ವರ್ಷದ ಆಯಸ್ಸು ಹಿಡಿದು ಪ್ರತಿ ವರ್ಷ ಸವಕಳಿ ಕಳೆಯುತ್ತೇವೆ. ಬೆಲೆ ಏರುವುದು ನೆಲದ್ದು. ಅದಕ್ಕೇ ಜಿಲ್ಲಾ ಊರಿನ ಹೊಸ ಫ್ಲ್ಯಾಟಿಗಿಂತ, ಒಳ್ಳೆಯ ಬೀದಿಯಲ್ಲಿರುವ 30×40 ಸೈಟಿನ ಹಳೇ ಮನೆ ನನಗೆ ಹೆಚ್ಚು ಇಷ್ಟ. ಕೆಳಗೊಂದು ಮೇಲೊಂದು ಸಣ್ಣ ಮನೆ ಆದರೆ ಎರಡು ಬಾಡಿಗೆ, ಒಂದು ಖಾಲಿಯಾದರೂ ಇನ್ನೊಂದು ನಡೆಯುತ್ತದೆ. ಸ್ವಂತ ಗೇಟು ಬಯಸುವ ಊರುಗಳಲ್ಲಿ ಫ್ಲ್ಯಾಟು ಮರುಮಾರಾಟವಾಗುವುದು ನಿಧಾನ. 1953ರಿಂದ ವೈದ್ಯಕೀಯ ಕಾಲೇಜನ್ನು ಸುತ್ತಿಕೊಂಡು ಬೆಳೆದ ಮಣಿಪಾಲದಂಥ ಕಡೆ ಮಾತು ಬೇರೆ.

9. "ಯಾವ ಜನ?" ಎಂದು ಕೇಳಬೇಡಿ

ನಮ್ಮ ಊರುಗಳಲ್ಲಿ ಮನೆ ಕೇಳಲು ಬಂದವರಿಗೆ ಮೊದಲು ಬೀಳುವ ಪ್ರಶ್ನೆ ಇದು. ಬೇರೆ ಜಿಲ್ಲೆಯಿಂದ ಬಂದ ಶಿಕ್ಷಕಿ, ಪೊಲೀಸ್ ಪೇದೆ, ವೈದ್ಯ ವಿದ್ಯಾರ್ಥಿ, ಎಲ್ಲ ದಾಖಲೆ ಕೈಯಲ್ಲಿ ಹಿಡಿದು ಬೀದಿ ಬೀದಿ ಅಲೆಯುವುದನ್ನು ನೋಡುತ್ತಲೇ ಇದ್ದೇನೆ. ಮನಸ್ಸು ಕಹಿಯಾಗುತ್ತದೆ. ಮನೆಯ ಮಾಲೀಕರಾಗುವ ನೀವು ಆ ಪ್ರಶ್ನೆಯನ್ನು ಕೇಳದಿರಿ, ನಿಮ್ಮ ಪರವಾಗಿ ಮನೆ ತೋರಿಸುವ ಏಜೆಂಟಿಗೂ ಕೇಳಕೂಡದೆಂದು ಹೇಳಿ. ಬೀದಿಯವರ ಒತ್ತಾಯ ಎಂಬ ನೆಪ ಬರುತ್ತದೆ. ಅಂಥ ಒತ್ತಾಯ ಇರುವ ಬೀದಿಯಲ್ಲಿ ನಾನು ಯಾರಿಗೂ ಮನೆ ಸೂಚಿಸುವುದಿಲ್ಲ. ನಿಯತ್ತಾಗಿ ಬಾಡಿಗೆ ಕೊಡುವ ಜನರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುವ ಬೀದಿಯಲ್ಲಿ ಮನೆಗಳು ಖಾಲಿ ಉಳಿಯುತ್ತವೆ, ಅದೂ ಲೆಕ್ಕದ ಮಾತೇ.

10. ನಿಮಗೆ ಜನ ಇರುವ ಊರು, ಇಲ್ಲದ ಊರು

ಮನೆಯ ಮೋಟಾರು ಕೆಟ್ಟರೆ ಹೋಗಿ ನೋಡುವವರು ಬೇಕು. ಚಿಕ್ಕಮ್ಮನ ಮಗನೋ, ಹಳೇ ಸಹಪಾಠಿಯೋ ಇರುವ ಊರಿನ ಎರಡನೇ ದರ್ಜೆಯ ಬೀದಿ, ಯಾರೂ ಇಲ್ಲದ ಊರಿನ ಮೊದಲ ದರ್ಜೆಯ ಬೀದಿಗಿಂತ ಮೇಲು. ಖಾಲಿ ಸೈಟಿಗೆ ಇದು ಇನ್ನೂ ಮುಖ್ಯ: ಬೇಲಿ ಹಾಕಿ ಹೋದವರು ಮೂರು ವರ್ಷ ಬಿಟ್ಟು ಬಂದರೆ ಪಕ್ಕದವರ ದನದ ಕೊಟ್ಟಿಗೆ ಎದ್ದಿರುತ್ತದೆ. ವಿದೇಶದಲ್ಲಿರುವವರು ಊರಿನವರಿಗೆ ಅಧಿಕಾರ ಪತ್ರ (ಜಿಪಿಎ) ಕೊಡುವಾಗ ಬಾಡಿಗೆ ವಸೂಲಿ, ಕಂದಾಯ ಪಾವತಿಗೆ ಮಾತ್ರ ಅಧಿಕಾರ ಕೊಡಲಿ, ಮಾರುವ ಅಧಿಕಾರ ಬೇಡ.

11. ಮಾರುವ ದಿನವನ್ನು ಕೊಳ್ಳುವ ದಿನವೇ ಯೋಚಿಸಿ

ಈ ಊರುಗಳಲ್ಲಿ ಮನೆ ಮಾರಾಟವಾಗಲು ಆರು ತಿಂಗಳು, ಕೆಲವೊಮ್ಮೆ ವರ್ಷ ಹಿಡಿಯುತ್ತದೆ. ಅಡಿಕೆ ಬೆಲೆ ಚೆನ್ನಾಗಿದ್ದ ವರ್ಷ ಶಿವಮೊಗ್ಗ, ಚನ್ನಗಿರಿ ಕಡೆಯ ಕೊಳ್ಳುವವರು ದಾವಣಗೆರೆಯಲ್ಲೂ ಸಿಗುತ್ತಾರೆ. ಬೆಲೆ ಬಿದ್ದ ವರ್ಷ ಫೋನು ಮೌನ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದ ಲಾಭಕ್ಕೆ 2024ರ ಜುಲೈ 23ರಿಂದ ಶೇ. 12.5 ತೆರಿಗೆ, ಅದಕ್ಕೂ ಮೊದಲು ಕೊಂಡವರಿಗೆ ಹಳೆಯ ಲೆಕ್ಕದ ಆಯ್ಕೆಯೂ ಇದೆ.

ಕೊಳ್ಳುವಾಗ "ಮಾರ್ಗಸೂಚಿ ದರಕ್ಕೆ ಕ್ರಯಪತ್ರ, ಉಳಿದದ್ದು ನಗದು" ಎಂಬ ಮಾತು ಬಂದೇ ಬರುತ್ತದೆ. ಒಪ್ಪಬೇಡಿ. ಕಾನೂನಿಗೆ ವಿರುದ್ಧ ಎಂಬುದರ ಜೊತೆಗೆ, ಕಾಗದದಲ್ಲಿ ಕಡಿಮೆ ಬೆಲೆಗೆ ಕೊಂಡವರು ಮಾರುವಾಗ ಕಾಗದದಲ್ಲಿ ಹೆಚ್ಚು ಲಾಭ ತೋರಿಸಿ ಅದಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ. ಬ್ಯಾಂಕೂ ಕಾಗದದ ಬೆಲೆಗೇ ಸಾಲ ಕೊಡುವುದು. ವ್ಯವಹಾರ ಮುರಿದರೆ ನಗದು ಕೊಟ್ಟದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಈಗ ಯಾರಾದರೂ ನಲವತ್ತು ಲಕ್ಷದೊಳಗೆ ಎಂದು ಕೇಳಿದರೆ ನಾನು ಮೊದಲು ನೋಡಿ ಬನ್ನಿ ಎನ್ನುವ ಜಾಗಗಳು ಮೂರು. ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕೇಂದ್ರಗಳಿರುವ ಸಪ್ತಾಪುರದ ಸುತ್ತ, ಕೊಠಡಿ ಬಾಡಿಗೆಗೆ ಒಗ್ಗುವ ಹಳೇ ಮನೆಗಳು. ದಾವಣಗೆರೆಯಲ್ಲಿ ನಿಟ್ಟುವಳ್ಳಿಯ ಒಳಬೀದಿಗಳು, ಆಸ್ಪತ್ರೆಗಳಿಗೆ ಸ್ಕೂಟರಿನಲ್ಲಿ ಹೋಗುವಷ್ಟು ಹತ್ತಿರ. ತುಮಕೂರಿನಲ್ಲಿ ಕ್ಯಾತ್ಸಂದ್ರ, ಅಲ್ಲಿಯ ರೈಲು ನಿಲ್ದಾಣದಿಂದ ಬೆಂಗಳೂರಿಗೆ ದಿನಾ ಓಡಾಡುವವರು ಬಾಡಿಗೆಗೆ ಸಿಗುತ್ತಾರೆ. ಮೂರು ಕಡೆಯೂ ಬೀದಿಗೊಂದು ಬೆಲೆ, ಕಾಗದ ಸರಿಯಿಲ್ಲದ ಮನೆಗಳೂ ನಡುವೆ ಇವೆ. ಹೋದಾಗ ದಾಖಲೆಗಳ ಪ್ರತಿ ಕೇಳಿ ತನ್ನಿ, ಮುಂಗಡ ಕೊಡುವ ಮುನ್ನ ಆ ಊರಿನ ಸಿವಿಲ್ ವಕೀಲರೊಬ್ಬರಿಗೆ ತೋರಿಸಿ. ಅವರ ಶುಲ್ಕ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚಾಗುವುದು ಅಪರೂಪ.